ಸಾಲು ಕರಗಿದ ಮೇಲೆ

ಪೋಲೆಂಡಿನ ಕಾರ್ಮಿಕರು ಸ್ವಾತಂತ್ರ್ಯಕ್ಕೆ ತೆತ್ತ ಬೆಲೆ ವಿಚಿತ್ರವಾದುದು. ಗ್ದಾನ್ಸ್ಕ್ ಬಂದರಿನಲ್ಲಿ ಲೆನಿನ್ನನ ಹೆಸರು ಹೊತ್ತ ಹಡಗು ಕಾರ್ಖಾನೆಯೊಂದಿತ್ತು. 1980ರಲ್ಲಿ ಅಲ್ಲಿಯ ಮುಷ್ಕರದಿಂದ ಹುಟ್ಟಿದ ‘ಸಾಲಿಡಾರಿಟಿ’ ಸಂಘವೇ 1989ರಲ್ಲಿ ಕಮ್ಯುನಿಸ್ಟರ ಏಕಸ್ವಾಮ್ಯವನ್ನು ಮುರಿಯಿತು. 1990ರ ಜನವರಿ 1ರಂದು ಅರ್ಥಸಚಿವ ಬಾಲ್ಸೆರೋವಿಚ್ ಬಹುತೇಕ ಬೆಲೆಗಳ ಮೇಲಿನ ಸರ್ಕಾರದ ಹಿಡಿತವನ್ನು ಒಮ್ಮೆಗೇ ಸಡಿಲಿಸಿದರು. ಅಂಗಡಿಗಳು ತುಂಬಿದವು, ಅವುಗಳ ಮುಂದಿನ ಸಾಲುಗಳು ಕರಗಿದವು. ಕರಗಿದ ಸಾಲು ಉದ್ಯೋಗ ಕಚೇರಿಗಳ ಮುಂದೆ ಮತ್ತೆ ಬೆಳೆಯಿತು! 1993ರ ವೇಳೆಗೆ ದುಡಿಯುವ ನೂರಾಳಿನಲ್ಲಿ ಸುಮಾರು 16 ಮಂದಿಗೆ ಕೆಲಸವಿಲ್ಲ. ಆ ವರ್ಷದ ಚುನಾವಣೆಯಲ್ಲಿ ಜನರು ಹಳೆಯ ಪಕ್ಷದ ವಾರಸುದಾರರನ್ನೇ ಗದ್ದುಗೆಗೆ ಕರೆದರು. ಇದನ್ನು ಕೃತಘ್ನತೆಯೆಂದವರುಂಟು, ನನಗೆ ಹಾಗೆ ತೋರದು. ಹೊಟ್ಟೆಯ ಸಂಕಟವನ್ನು ಮತಪೆಟ್ಟಿಗೆಗೆ ಹೇಳಿಕೊಳ್ಳುವ ಹಕ್ಕಿಗಾಗಿಯೇ ಅಲ್ಲವೆ ಅವರು ಹೋರಾಡಿದ್ದು? ಮರಳಿ ಬಂದವರೂ ಮಾರುಕಟ್ಟೆಯ ಬಾಗಿಲನ್ನು ಮುಚ್ಚಲಿಲ್ಲ. ಆ ಹಡಗು ಕಾರ್ಖಾನೆ ಮಾತ್ರ 1996ರಲ್ಲಿ ದಿವಾಳಿಯೆದ್ದಿತು.