ಆಡಿದ ಆಟ ಬರೆದಿಡಬೇಕು



ನಮ್ಮ ದೊಡ್ಡಪ್ಪನ ಮಗಳು ಅಕ್ಕ ಗೊರೇಬಾಳದಾಗೇ ಓದಿದಾಕಿ. ಏಳನೇ ಕ್ಲಾಸಿನಾಗ ಇದ್ದಾಗ ಸಿಂಧನೂರಿನಾಗ ಚೆಸ್ ಆಡಿ ದೊಡ್ಡ ಹುಡುಗರನ್ನ ಸೋಲಿಸಿದ್ದಳು. ಈಗ ಶಾಲೆ ಬಿಟ್ಟು ಭತ್ತದ ನಾಟಿಗೆ ಹೋಗ್ತಾಳ. "ಹೆಂಗ ಗೆದ್ದಿ ಅಕ್ಕಾ?" ಅಂತ ಮೊನ್ನೆ ಕೇಳಿದೆ. "ಮೊದಲ ಕುದುರಿ ತಂದಿದ್ದೆ. ಮುಂದಿಂದು ನೆನಪಿಲ್ಲ ತಂಗಿ. ಯಾರು ಬರದಿಟ್ರು?" ಅಂದಳು. ಟ್ರಂಕಿನಾಗ ಸರ್ಟಿಫಿಕೇಟ್ ಐತಿ, ಆಟ ಇಲ್ಲ.

ಇದನ್ನು ನಮ್ಮ ಸರ್‌ಗೆ ಹೇಳಿದೆ. ಅವರು ವಸಂತಿ ಖಾಡಿಲ್ಕರ್ ಅವರ ವಿಷಯ ತಿಳಿಸಿದರು. ನಮ್ಮ ದೇಶದ ಮೊದಲ ಮಹಿಳಾ ರಾಷ್ಟ್ರೀಯ ಚೆಸ್ ಪಂದ್ಯ 1974ರಲ್ಲಿ ನಮ್ಮ ಬೆಂಗಳೂರಿನಲ್ಲೇ ನಡೆಯಿತು. ಅದನ್ನು ಗೆದ್ದವರು ವಸಂತಿ. ಅವರು ಹುಟ್ಟಿದ್ದು 1961ರಲ್ಲಿ. ಅಂದರೆ ಆಗ ಹೆಚ್ಚುಕಡಿಮೆ ನನ್ನ ವಯಸ್ಸು! ಅವರ ತಂಗಿ ರೋಹಿಣಿ 1976ರಲ್ಲಿ 13ನೇ ವಯಸ್ಸಿಗೆ ಅದೇ ಪಟ್ಟ ಗೆದ್ದರು.

ವಸಂತಿಯವರು ಬೆಂಗಳೂರಿನಾಗ ಹೆಂಗ ಆಡಿದ್ರು ಅಂತ ನೋಡೋ ಆಸೆ ಆಯಿತು. ಸರ್ ಮೊಬೈಲಿನಲ್ಲಿ ಹುಡುಕಿದರು. ಹೆಸರು ಸಿಕ್ಕಿತು, ವರ್ಷ ಸಿಕ್ಕಿತು. ಒಂದು ನಡೆಯೂ ಸಿಗಲಿಲ್ಲ. 2025ರಲ್ಲಿ 19 ವರ್ಷದ ದಿವ್ಯಾ ದೇಶಮುಖ್ ಮಹಿಳಾ ವಿಶ್ವಕಪ್ ಗೆದ್ದರಲ್ಲ, ಆ ಆಟದ ಎಲ್ಲಾ ನಡೆಗಳು ಕೂಡಲೇ ಸಿಕ್ಕವು. ಅದನ್ನು ಬೋರ್ಡಿನ ಮೇಲೆ ಇಟ್ಟು ನಾವೂ ಆಡಿ ನೋಡಿದೆವು. ಬರೆದಿಟ್ಟ ಆಟದಿಂದ ಕಲಿಯಬಹುದು. ಬರೆಯದ ಆಟ ಕಾಯಿ ಡಬ್ಬಿಗೆ ಹಾಕಿದ ಕೂಡಲೇ ಮುಗಿದು ಹೋಗುತ್ತದೆ.

"ಗೆದ್ದರ ಸಾಕು, ಬರಿಯೋದು ಯಾಕ?" ಎಂದು ಕೆಲವರು ಅಂತಾರ. ಆದರೆ ನಮ್ಮ ಹುಡುಗರು ಕ್ರಿಕೆಟ್ ಆಡುವಾಗ ಒಂದೊಂದು ರನ್ನೂ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಬರೀತಾರ. ಹುಡುಗಿಯರ ಆಟ ಮಾತ್ರ ಯಾಕೆ ಬರೆಯಬಾರದು? ಬರೆದಿದ್ದರೆ ಅಕ್ಕನ ಆಟವನ್ನು ಇವತ್ತು ನಾನು ಕಲಿಯುತ್ತಿದ್ದೆ. ದೊಡ್ಡಪ್ಪನಿಗೂ ತೋರಿಸುತ್ತಿದ್ದೆ.

ಬರೆಯುವುದು ಕಷ್ಟವಲ್ಲ. ಬೋರ್ಡಿನಲ್ಲಿ 64 ಮನೆ. ಉದ್ದಸಾಲಿಗೆ ಎ ಯಿಂದ ಎಚ್ ತನಕ ಅಕ್ಷರ, ಅಡ್ಡಸಾಲಿಗೆ 1 ರಿಂದ 8 ತನಕ ಅಂಕಿ. ರಾಜನ ಮುಂದಿನ ಬಿಳಿ ಪ್ಯಾದೆ ಎರಡು ಮನೆ ನಡೆದರೆ 'ಇ4' ಎಂದು ಬರೆದರಾಯಿತು. ದೊಡ್ಡ ಪಂದ್ಯಗಳಲ್ಲಿ ಇಬ್ಬರೂ ಎರಡೂ ಕಡೆಯ ನಡೆ ಬರೆಯಲೇಬೇಕೆಂಬ ನಿಯಮವೇ ಇದೆ.

ಆದ್ದರಿಂದ ನನ್ನ ವಿನಂತಿ ಏನೆಂದರೆ, ನಮ್ಮ ಶಾಲೆಯ ಚೆಸ್ ಡಬ್ಬಿ ಜೊತೆ ಒಂದು 100 ಪುಟದ ನೋಟ್‌ಬುಕ್ ಇಡಬೇಕು. ಯಾರೇ ಆಡಲಿ, ಗೆಲ್ಲಲಿ ಸೋಲಲಿ, ಹೆಸರು, ತಾರೀಖು, ನಡೆ ಬರೆಯಬೇಕು. ನೋಟ್‌ಬುಕ್ ನಾನೇ ತಂದು ಕೊಟ್ಟಿದ್ದೇನೆ. ಮೊದಲನೇ ಪುಟದಲ್ಲಿ ಶನಿವಾರ ನಾನು ಐದನೇ ಕ್ಲಾಸಿನ ಹುಡುಗಿ ಕೈಲಿ 23 ನಡೆಗೆ ಸೋತ ಆಟ ಐತಿ. ನಗಬ್ಯಾಡ್ರಿ. ಆಕಿ ಹೆಂಗ ಗೆದ್ದಳು ಅಂತ ನೋಡ್ರಿ.

ಇಂತಿ,
7ನೇ ತರಗತಿ ವಿದ್ಯಾರ್ಥಿನಿ, ಗೊರೇಬಾಳ