ಹಾಡಿನೊಳಗೆ ಗುಂಯ್‌ಗುಡುವವರಾರು?

ಕೊಪ್ಪಳ ಸೀಮೆಯಲ್ಲಿ ಮಳೆಗೆ ಬರ ಬಂದುದುಂಟು, ಹಾಡಿಗೆ ಬಂದುದಿಲ್ಲ. ಗಂಗಾವತಿಯ ಗದ್ದೆಬಯಲಿನಲ್ಲಾಗಲಿ, ಕುಷ್ಟಗಿ ಯಲಬುರ್ಗಾಗಳ ಒಣಹೊಲಗಳ ನಡುವಣ ಊರುಗಳಲ್ಲಾಗಲಿ, ಸೋಬಾನೆ ಬಲ್ಲ ಒಬ್ಬ ಅಜ್ಜಿ, ತತ್ತ್ವಪದ ಬಲ್ಲ ಒಬ್ಬ ಮುದುಕ, ಹಾರ್ಮೋನಿಯಂ ಮುಂದಿಟ್ಟುಕೊಂಡು ವಚನ ಹಾಡುವ ಒಬ್ಬ ಮಗಳು ಇರುವ ಮನೆಗಳು ಎಷ್ಟೋ ಇವೆ. ಈ ಜಿಲ್ಲೆಯ ಮೊರನಾಳದ ತೊಗಲುಗೊಂಬೆಯಾಟದ ಹಿರಿಯ ಕಲಾವಿದೆ ಭೀಮವ್ವ ಶಿಳ್ಳೇಕ್ಯಾತರ ಅವರಿಗೆ ತೊಂಬತ್ತು ದಾಟಿದ ವಯಸ್ಸಿನಲ್ಲಿ, ೨೦೨೫ರಲ್ಲಿ, ಪದ್ಮಶ್ರೀ ಸಂದಿತು. ಹಳೆಯ ಕಂಠಗಳಿಗೆ ಬೆಲೆಯುಂಟೆಂಬುದು ಎಲ್ಲರಿಗೂ ತಿಳಿಯಿತು. ಆ ಕಂಠಗಳನ್ನು ಉಳಿಸಿಕೊಳ್ಳುವ ಉಪಾಯವೂ ಈಗ ಮನೆಯಲ್ಲಿಯೇ ಇದೆ: ಮೇಜಿನ ಮೇಲಣ ಕಂಪ್ಯೂಟರು, ಅದಕ್ಕೆ ಜೋಡಿಸುವ ಒಂದು ಮೈಕು.

ಆದರೆ ಧ್ವನಿಮುದ್ರಣ ಮುಗಿಸಿ ಕೇಳಲು ಕುಳಿತಾಗ ಅಜ್ಜಿಯ ಹಾಡಿಗೆ ಮೊದಲು ಜೇನುಹುಳುಗಳ ಗುಂಯ್‌ಕಾರ ಕೇಳಿಬರುತ್ತದೆ. ಇಲ್ಲವೆ ಏರುದನಿಯಲ್ಲಿ ಸ್ವರ ಒಡೆದು ಹರಕು ತಮಟೆಯಾಗಿರುತ್ತದೆ. ಮನೆಮಂದಿ ಯಂತ್ರವನ್ನು ಶಪಿಸಿ, ಇನ್ನೊಂದು ಮೈಕನ್ನು ಕೊಳ್ಳಲು ಹೊರಡುತ್ತಾರೆ. ವಾಚಕರೇ, ಹಣವನ್ನು ಸ್ವಲ್ಪ ತಡೆಹಿಡಿಯಿರಿ. ಹತ್ತರಲ್ಲಿ ಎಂಟು ದೋಷಗಳು ಕಾಸಿಲ್ಲದೆ ಹೋಗತಕ್ಕವು. ಬಾಯಿಂದ ಮೈಕಿಗೆ, ಮೈಕಿನಿಂದ ತಂತಿಗೆ, ತಂತಿಯಿಂದ ಕಂಪ್ಯೂಟರಿಗೆ ಸ್ವರವು ನಡೆದುಬರುವ ದಾರಿಯನ್ನು ಮೆಟ್ಟಿಲು ಮೆಟ್ಟಿಲಾಗಿ ನೋಡಬೇಕು. ಒಂದು ಸಲಕ್ಕೆ ಒಂದನ್ನೇ ಬದಲಿಸಬೇಕು. ಎರಡನ್ನು ಒಮ್ಮೆಲೇ ಬದಲಿಸಿದವನಿಗೆ ದೋಷ ಹೋದರೂ ಅದು ಯಾವುದರಿಂದ ಹೋಯಿತೆಂಬುದು ತಿಳಿಯುವುದಿಲ್ಲ. ನಾಳೆ ಅದು ಮತ್ತೆ ಬಂದರೆ ಮತ್ತೆ ಮೊದಲಿನಿಂದ ಹುಡುಕಾಟ.

ಮೊದಲು ಗುಂಯ್‌ಕಾರವನ್ನೇ ವಿಚಾರಿಸೋಣ. ನಮ್ಮ ಮನೆಗಳಿಗೆ ಬರುವ ವಿದ್ಯುತ್ತು ಸೆಕೆಂಡಿಗೆ ೫೦ ಸಲ ಹಿಂದು ಮುಂದಾಗಿ ಹರಿಯುತ್ತದೆ. ಆ ಹರಿವು ಮೈಕಿನ ತಂತಿಗೆ ಸೋಂಕಿದರೆ ಮಂದ್ರದ ಒಂದು ಎಡೆಬಿಡದ ಸ್ವರವಾಗಿ ಕೇಳುತ್ತದೆ. ಪರೀಕ್ಷೆ ಸುಲಭ. ಲ್ಯಾಪ್‌ಟಾಪು ಇದ್ದವರು ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ನಡೆಸಿ ನೋಡಲಿ. ಗುಂಯ್‌ಕಾರ ನಿಂತರೆ ಕಳ್ಳ ಸಿಕ್ಕಂತೆಯೇ. ಕರೆಂಟು ಹೋದ ಹೊತ್ತನ್ನು ಎಲ್ಲರೂ ಬೈಯುತ್ತಾರೆ. ಬ್ಯಾಟರಿಯ ಲ್ಯಾಪ್‌ಟಾಪಿನಲ್ಲಿ ಹಾಡು ಹಿಡಿಯುವವನಿಗೆ ಮಾತ್ರ ಅದು ಶುಭಮುಹೂರ್ತ. ಮೇಜಿನ ಕಂಪ್ಯೂಟರು ಇದ್ದವರು ಕಂಪ್ಯೂಟರು, ಸ್ಪೀಕರು, ಮೈಕಿನ ಪೆಟ್ಟಿಗೆ ಎಲ್ಲವನ್ನೂ ಒಂದೇ ಪ್ಲಗ್‌ಬೋರ್ಡಿಗೆ ಜೋಡಿಸಲಿ. ಬೇರೆ ಬೇರೆ ಗೋಡೆಗಳಿಂದ ವಿದ್ಯುತ್ತು ಪಡೆದ ಯಂತ್ರಗಳ ಅರ್ಥ್ ತಂತಿಗಳ ನಡುವೆ ಒಂದು ಸುತ್ತುದಾರಿ ಏರ್ಪಟ್ಟು ಗುಂಯ್‌ಕಾರ ಹುಟ್ಟುವುದುಂಟು. ಗುಂಯ್‌ಕಾರ ಕಳೆಯಲೆಂದು ಪ್ಲಗ್ಗಿನ ಮೂರನೆಯ ಕಡ್ಡಿಯನ್ನು ಮುರಿಯುವ ಜಾಣರಿದ್ದಾರೆ. ಅದು ಸರ್ವಥಾ ಸಲ್ಲದು. ಆ ಕಡ್ಡಿ ಇರುವುದು ನಿಮ್ಮ ಪ್ರಾಣರಕ್ಷಣೆಗಾಗಿ. ಹಳೆಯ ಮನೆಗಳಲ್ಲಿ ಆ ಮೂರನೆಯ ರಂಧ್ರ ಅಲಂಕಾರಕ್ಕಷ್ಟೇ ಇರುವುದುಂಟಾದ್ದರಿಂದ ಬಲ್ಲ ಕೆಲಸಗಾರನಿಂದ ಒಮ್ಮೆ ಪರೀಕ್ಷೆ ಮಾಡಿಸುವುದು ಒಳ್ಳೆಯದು.

ಗುಂಯ್‌ಕಾರವಲ್ಲದೆ ಚಿರ್ರೆಂಬ ಸದ್ದು ಕೇಳಿದರೆ ತಲೆಯೆತ್ತಿ ಫ್ಯಾನನ್ನು ನೋಡಿ. ಅದರ ವೇಗ ತಗ್ಗಿಸುವ ರೆಗ್ಯುಲೇಟರು ಇಂತಹ ಸದ್ದಿಗೆ ಪ್ರಸಿದ್ಧವಾದದ್ದು. ಗಂಗಾವತಿಯಲ್ಲಿ ಅಕ್ಕಿ ಗಿರಣಿಯ ಮಗ್ಗುಲಿನ ಮನೆಯವರಿಗೂ, ಬೋರ್‌ವೆಲ್ಲಿನ ಮೋಟಾರು ಪಕ್ಕದಲ್ಲೇ ಇರುವವರಿಗೂ ಬೇರೆ ದಾರಿಯಿಲ್ಲ, ನಸುಕಿನಲ್ಲಿ ಏಳಬೇಕು. ಬೇಸಿಗೆಯಲ್ಲಿ ಫ್ಯಾನಿಲ್ಲದೆ ಕುಳಿತು ಹಾಡಲು ಹೇಗೂ ಆ ಹೊತ್ತೇ ಹಿತ.

ಇನ್ನು ಒಡಕು ದನಿ. ಕಂಪ್ಯೂಟರಿನ ಪರದೆಯ ಮೇಲೆ ಸ್ವರದ ಬಲ ತೋರಿಸುವ ಪಟ್ಟಿಯೊಂದಿರುತ್ತದೆ. ಅದರ ತುದಿ ಸೊನ್ನೆ. ಸ್ವರ ಆ ಸೊನ್ನೆಯನ್ನು ಮುಟ್ಟಿದರೆ ಅಲ್ಲಿಂದ ಮೇಲಿನದನ್ನು ಯಂತ್ರ ಕತ್ತರಿಸಿ ಎಸೆಯುತ್ತದೆ; ಮುರಿದ ಸ್ವರವನ್ನು ಪೂರ್ತಿಯಾಗಿ ಕೂಡಿಸಬಲ್ಲ ವಿದ್ಯೆ ಇಲ್ಲ. ಆದುದರಿಂದ ಅತಿ ಎತ್ತರದ ದನಿಯೂ ಸೊನ್ನೆಗಿಂತ ೬ರಿಂದ ೧೨ ಡೆಸಿಬೆಲ್ ಕೆಳಗೆ ನಿಲ್ಲುವಂತೆ ಮೈಕಿನ ಬಲವನ್ನು ತಗ್ಗಿಸಿರಿ. ಪರೀಕ್ಷೆಗೆಂದು ಹಾಡಿಸುವಾಗ ಮೆಲ್ಲಗಿನ ಆಲಾಪ ಬೇಡ, ತಾರಸ್ಥಾಯಿಯ ತುಣುಕನ್ನೇ ಹಾಡಿಸಿ. ಕಂಪ್ಯೂಟರಿನಲ್ಲಿ ಎಷ್ಟು ತಗ್ಗಿಸಿದರೂ ಒಡಕು ಉಳಿದರೆ ಸ್ವರ ಅದಕ್ಕೂ ಮೊದಲೇ, ಮೈಕಿನ ಪೆಟ್ಟಿಗೆಯಲ್ಲಿಯೇ ಒಡೆಯುತ್ತಿದೆಯೆಂದು ತಿಳಿದು ಅಲ್ಲಿಯ ಗುಂಡಿಯನ್ನು ತಿರುಗಿಸಬೇಕು.

ದೂರವೂ ಒಂದು ಗುಂಡಿಯೇ, ಎಲ್ಲಕ್ಕಿಂತ ಹಳೆಯದು. ೧೯೦೨ರಲ್ಲಿ ಕಲ್ಕತ್ತೆಯಲ್ಲಿ ಗೌಹರ್ ಜಾನ್ ಅವರ ಹಾಡುಗಳು ಗ್ರಾಮೊಫೋನಿಗೆ ಮುದ್ರಣವಾದಾಗ ವಿದ್ಯುತ್ತಿನ ಮೈಕು ಇರಲಿಲ್ಲ. ಗಾಯಕರು ಕಹಳೆಯಂತಹ ಕೊಳವೆಯೊಳಕ್ಕೆ ಹಾಡುತ್ತಿದ್ದರು. ದನಿ ಏರಿದಾಗ ಹಿಂದೆ ಸರಿಯುವುದು, ಇಳಿದಾಗ ಮುಂದೆ ಬರುವುದು, ಇಷ್ಟೇ ಅಂದಿನ ಹತೋಟಿ. ಇಂದಿಗೂ ಬಾಯಿಗೂ ಮೈಕಿಗೂ ಒಂದು ಗೇಣಿನ ಅಂತರ ಸಾಕು. ಮೈಕನ್ನು ನೇರ ಎದುರಿಗೆ ಇಡದೆ ಸ್ವಲ್ಪ ಓರೆಯಾಗಿಟ್ಟರೆ ‘ಪ’, ‘ಭ’ಗಳ ಉಸಿರು ಬಡಿಯುವುದಿಲ್ಲ. ಹಾರ್ಮೋನಿಯಂ ಹಾಡನ್ನು ನುಂಗಿದರೆ ಹಾಡುವವರನ್ನು ಕೂಗಿಸಬೇಡಿ, ಹಾರ್ಮೋನಿಯಂ ಪೆಟ್ಟಿಗೆಯನ್ನು ಎರಡು ಮೊಳ ಹಿಂದಕ್ಕೆ ಸರಿಸಿ.

ಹಾಡು ಬಾವಿಯೊಳಗಿಂದ ಬಂದಂತೆ ಕೇಳಿದರೆ ಅದು ಕೋಣೆಯ ದೋಷ. ಕಲ್ಲು ಸ್ವರವನ್ನು ಹೀರುವುದಿಲ್ಲ, ಹಿಂದಿರುಗಿಸುತ್ತದೆ. ಕ್ರಿ. ಶ. ೧೧೧೨ರಲ್ಲಿ ಕಟ್ಟಿದ ಇಟಗಿಯ ಮಹಾದೇವ ದೇವಾಲಯದಂತಹ ಕಲ್ಲುಗುಡಿಯಲ್ಲಿ ಆ ಮಾರ್ದನಿ ಭಕ್ತಿಗೆ ಪೋಷಕ. ಸಿಮೆಂಟು ಗೋಡೆಯ ಹತ್ತಡಿ ಕೋಣೆಯಲ್ಲಿ ಅದು ಹಾಡಿಗೆ ಮಾರಕ. ಇದಕ್ಕೆ ಮದ್ದು ನಮ್ಮ ಅಟ್ಟದ ಮೇಲೆಯೇ ಇದೆ. ಹಳೆಯ ಇಳಕಲ್ ಸೀರೆಗಳನ್ನು ಪದರ ಪದರವಾಗಿ ಸೇರಿಸಿ ಹೊಲಿದ ಕೌದಿಗಳನ್ನು ಇಳಿಸಿ, ಒಂದನ್ನು ಹಾಡುವವರ ಬೆನ್ನ ಹಿಂದೆ, ಒಂದನ್ನು ಪಕ್ಕದಲ್ಲಿ ಹಗ್ಗಕ್ಕೆ ತೂಗುಹಾಕಿ, ಮತ್ತೊಂದನ್ನು ನೆಲಕ್ಕೆ ಹಾಸಿ. ವ್ಯತ್ಯಾಸ ಕೂಡಲೇ ಕಿವಿಗೆ ತಿಳಿಯುತ್ತದೆ.

ಈಗ ಕಂಪ್ಯೂಟರಿನ ಒಳಗೆ ಹೋಗೋಣ. ನೀವು ಜೋಡಿಸಿದ ಮೈಕನ್ನು ಬಿಟ್ಟು ಲ್ಯಾಪ್‌ಟಾಪು ತನ್ನದೇ ಪುಟ್ಟ ಮೈಕಿನಿಂದ ಕೇಳುತ್ತಿರಬಹುದು. ನಿಮ್ಮ ಮೈಕನ್ನು ಉಗುರಿನಿಂದ ಮೆಲ್ಲಗೆ ತಟ್ಟಿ. ಪರದೆಯ ಪಟ್ಟಿ ಹಾರದಿದ್ದರೆ ಸಂಶಯ ನಿಜವಾಯಿತು. ಎರಡನೆಯದು ಇನ್ನೂ ಕುತಂತ್ರದ್ದು. ಮಾತಿನ ಕರೆಗಳಿಗಾಗಿ ಕಂಪ್ಯೂಟರಿನಲ್ಲಿ ಗದ್ದಲ ಅಳಿಸುವ ಏರ್ಪಾಡೊಂದಿರುತ್ತದೆ. ಎಡೆಬಿಡದೆ ಕೇಳುವ ಒಂದೇ ಸದ್ದನ್ನು ಅದು ಗದ್ದಲವೆಂದೇ ಬಗೆಯುತ್ತದೆ. ಏಕತಾರಿಯ ಮಿಡಿತ, ತಂಬೂರಿಯ ಶ್ರುತಿ, ಹಾರ್ಮೋನಿಯಂನ ನೀಳ ಸ್ವರ ಅದರ ಕಣ್ಣಿಗೆ ಗದ್ದಲವಲ್ಲದೆ ಮತ್ತೇನು? ಶ್ರುತಿ ಆಗಾಗ ಅಡಗಿ ಮತ್ತೆ ಬರುತ್ತಿದ್ದರೆ ಆ ಏರ್ಪಾಡನ್ನು ಹುಡುಕಿ ಆರಿಸಿಬಿಡಿ.

ಅಜ್ಜಿಯ ದನಿ ಇದ್ದಕ್ಕಿದ್ದಂತೆ ಹುಡುಗಿಯದಾದರೆ ಆಶ್ಚರ್ಯಪಡಬೇಡಿ. ಕಂಪ್ಯೂಟರು ಸ್ವರವನ್ನು ಸೆಕೆಂಡಿಗೆ ೪೪,೧೦೦ ಸಲವೋ ೪೮,೦೦೦ ಸಲವೋ ಅಳೆಯುತ್ತದೆ. ಮೊದಲನೆಯ ಲೆಕ್ಕದಲ್ಲಿ ಅಳೆದುದನ್ನು ಎರಡನೆಯ ಲೆಕ್ಕದಲ್ಲಿ ನುಡಿಸಿದರೆ ಶ್ರುತಿ ಹಾರ್ಮೋನಿಯಂನ ಸುಮಾರು ಒಂದೂವರೆ ಮನೆಯಷ್ಟು ಮೇಲೇರಿ ಕಾಲವೂ ಚುರುಕಾಗುತ್ತದೆ. ಎಲ್ಲ ಕಡೆಗೂ ಒಂದೇ ಸಂಖ್ಯೆಯನ್ನು ಇಟ್ಟರಾಯಿತು.

ಮೊದಲು ತಬಲಾ ಮುದ್ರಿಸಿಕೊಂಡು, ಅದನ್ನು ಕೇಳುತ್ತ ಹಾಡುವವರಿಗೆ ತಾಳ ಹಿಂದೆ ಬಿದ್ದಂತೆ ತೋರುವುದುಂಟು. ಕಂಪ್ಯೂಟರು ಸ್ವರವನ್ನು ಬೊಗಸೆ ಬೊಗಸೆಯಾಗಿ ಎತ್ತಿ ಸಾಗಿಸುತ್ತದೆ. ಬೊಗಸೆಗೆ ೧,೦೨೪ ಅಳತೆಗಳಿದ್ದರೆ ಸುಮಾರು ೨೧ ಮಿಲಿಸೆಕೆಂಡು ತಡ. ತಬಲಾದವನು ಏಳು ಮೀಟರು ದೂರದಲ್ಲಿ ಕುಳಿತಂತೆ. ಹೋಗುವಾಗಲೂ ಬರುವಾಗಲೂ ಇದೇ ತಡ. ಬೊಗಸೆಯನ್ನು ೧೨೮ಕ್ಕೆ ಇಳಿಸಿದರೆ ಮೂರು ಮಿಲಿಸೆಕೆಂಡಿಗೂ ಕಡಿಮೆ. ಆದರೆ ತೀರ ಕಿರಿದಾದರೆ ಯಂತ್ರಕ್ಕೆ ಉಸಿರು ಕಟ್ಟಿ ಚಟಚಟನೆ ಸಿಡಿಯುತ್ತದೆ. ಆಗ ಒಂದು ಮೆಟ್ಟಿಲು ಹಿಂದೆ ಸರಿಯಿರಿ, ಬೇರೆ ಕೆಲಸಗಳನ್ನೆಲ್ಲ ಮುಚ್ಚಿರಿ. ತಂತಿಯಿಲ್ಲದ ಬ್ಲೂಟೂತ್ ಹೆಡ್‌ಫೋನು ಈ ಕೆಲಸಕ್ಕೆ ಬೇಡವೇ ಬೇಡ, ಅದರ ತಡ ಇನ್ನೂ ಹೆಚ್ಚು.

ಇಷ್ಟೆಲ್ಲವನ್ನೂ ಅಜ್ಜಿಯನ್ನು ಕೂರಿಸುವ ಮೊದಲೇ ಮುಗಿಸಿಕೊಳ್ಳಬೇಕು. ಮನೆಯ ಹುಡುಗನೊಬ್ಬನನ್ನು ಹಾಡಿಸಿ ಎರಡು ನಿಮಿಷ ಮುದ್ರಿಸಿ, ಹೆಡ್‌ಫೋನಿನಲ್ಲಿ ಕೇಳಿ, ಆಮೇಲೆ ಹಿರಿಯರನ್ನು ಕರೆಯಿರಿ. ಎಂಬತ್ತರ ಕಂಠ ಹತ್ತು ಸಲ ಹಾಡಲಾರದು. ಮೊದಲ ಸಲದ ಉತ್ಸಾಹ ಎರಡನೆಯ ಸಲಕ್ಕೆ ಇರುವುದಿಲ್ಲ. ಮುಂದಿನ ಸುಗ್ಗಿಗೆ ಆ ಕಂಠವೇ ಇರುವುದೋ ಇಲ್ಲವೋ, ಬಲ್ಲವರಾರು? ಮುದ್ರಿಸಿದ್ದನ್ನು ಅಂದೇ ಇನ್ನೆರಡು ಕಡೆ ನಕಲು ಮಾಡಿ ಇಡಿರಿ.

ಕೊನೆಗೊಂದು ಮಾತು. ಗೌಹರ್ ಜಾನ್ ತಮ್ಮ ಹಾಡಿನ ಕೊನೆಯಲ್ಲಿ ತಮ್ಮ ಹೆಸರನ್ನು ತಾವೇ ಹೇಳಿ ಮುಗಿಸುತ್ತಿದ್ದರು. ದೂರದ ಜರ್ಮನಿಯಲ್ಲಿ ತಟ್ಟೆಗಳನ್ನು ಅಚ್ಚು ಹಾಕುವವರಿಗೆ ಹಾಡಿದವರು ಯಾರೆಂದು ತಿಳಿಯಲೆಂದು ಆ ಪದ್ಧತಿ. ನಮ್ಮ ಅಜ್ಜಿಯರಿಂದಲೂ ಹಾಗೆಯೇ ಹೇಳಿಸಿರಿ: ಹೆಸರು, ಊರು, ಹಾಡನ್ನು ಯಾರಿಂದ ಕಲಿತದ್ದೆಂಬ ಸಂಗತಿ. ನಿಮಗೆ ಅದೆಲ್ಲ ಗೊತ್ತಿರುವುದೇ. ಐವತ್ತು ವರ್ಷಗಳ ಮೇಲೆ ಕೇಳುವ ಮೊಮ್ಮಕ್ಕಳಿಗೆ ಗೊತ್ತಿರುವುದಿಲ್ಲ.