ಅರಮನೆಯ ಕಥೆ, ಹೊಲದ ಕಥೆ

ನೆರೆಯ ಸಂಡೂರಿನಲ್ಲಿ ಘೋರ್ಪಡೆ ಮನೆತನದ ಶಿವವಿಲಾಸ ಅರಮನೆ ಇದೆ. ಈ ಮರಾಠಾ ಮನೆತನದ ಆಳ್ವಿಕೆ 1949ರಲ್ಲಿ ಮುಗಿಯಿತು. ಅರಮನೆ ಈಗ ಹೋಟೆಲಾಗಿದೆ. ಕೊಟ್ಟೂರಿನ ಕಾರ್ಮಿಕ ಬಂಧುಗಳಿಗೂ ವ್ಯಾಪಾರಸ್ಥರಿಗೂ ಅದನ್ನು ನೋಡುವ ಆಸೆ ಸಹಜ. ಹೋಗಿ ನೋಡಿರೆಂದೇ ನಾವು ಹೇಳುತ್ತೇವೆ.

ಸಲ್ಲಬೇಕಾದ ಮನ್ನಣೆ ಸಲ್ಲಲಿ. ಈ ಮನೆತನದ ಯಶವಂತರಾವ್ ಘೋರ್ಪಡೆಯವರು 1932ರಲ್ಲಿ ಸಂಸ್ಥಾನದ ದೇವಾಲಯದ ಬಾಗಿಲನ್ನು ದಲಿತರಿಗೆ ತೆರೆದರು. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಆದರೆ ಗುಡಿಯ ಬಾಗಿಲು ತೆರೆದ ಮಾತ್ರಕ್ಕೆ ಉಳುವವನಿಗೆ ಹೊಲ ದಕ್ಕಲಿಲ್ಲ. ಅದಕ್ಕಾಗಿ ರೈತರು 1973ರಲ್ಲಿ ಸಮಾಜವಾದಿಗಳೊಡನೆ ಭೂಹೋರಾಟಕ್ಕೆ ಇಳಿಯಬೇಕಾಯಿತು.

ಯಾವ ಅರಮನೆಯೂ ಬರಿಯ ಕಲ್ಲುಗಾರೆಯ ಮೇಲೆ ನಿಂತಿಲ್ಲ. ಬೆವರಿನ ಮೇಲೆ ನಿಂತಿದೆ. ಅರಸರ ಕಥೆ ಹೇಳಲು ಗೋಡೆಗಳಿವೆ. ರೈತರ ಕಥೆ ಹೇಳಲು ನಾವೇ ಬೇಕು. ಮಕ್ಕಳನ್ನು ಕರೆದೊಯ್ದವರು ಎರಡನ್ನೂ ಹೇಳಿ ಕರೆತನ್ನಿರಿ.